ಪೋಸ್ಟರ್ ಓದೋದು ಹೇಗೆ? ಆರು ಶೈಲಿಗಳು, ನಾಲ್ಕು ಪ್ರಶ್ನೆಗಳು

ಈ ಸಲ ಕೋಡಿಂಗ್ ಇಲ್ಲ, ಸರ್ಕ್ಯೂಟ್ ಇಲ್ಲ. ಚಿತ್ರ ಮತ್ತು ಅಕ್ಷರದ ವಿಷಯ ಮಾತಾಡೋಣ.

ಫೆಸ್ಟ್ ಹತ್ತಿರ ಬಂತು ಅಂದ್ರೆ ನಮ್ಮೆಲ್ಲರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: "ಪೋಸ್ಟರ್ ಯಾರು ಮಾಡ್ತೀರಾ?" ಯಾರೋ ಒಬ್ಬರು ಲ್ಯಾಪ್‌ಟಾಪ್ ತೆಗೆದು ಟೆಂಪ್ಲೇಟ್ ಹುಡುಕ್ತಾರೆ. ಅಲ್ಲಿ ಆರ್ಟ್ ನೂವೋ, ಬೌಹೌಸ್, ಸ್ವಿಸ್, ಪಂಕ್ ಅಂತ ಹೆಸರುಗಳ ಸಾಲು. ಹೋಟೆಲ್ ಮೆನುವಿನಿಂದ ತಿಂಡಿ ಆರಿಸಿದ ಹಾಗೆ ಒಂದನ್ನು ಆರಿಸ್ತೀವಿ, ಹೆಸರು ಮತ್ತು ತಾರೀಖು ಬದಲಿಸ್ತೀವಿ, ಕೊನೆಗೆ ಕನ್ನಡದಲ್ಲಿ ಒಂದು ಸಾಲು ಸೇರಿಸ್ತೀವಿ. ಆ ಸಾಲು ಮಾತ್ರ ಯಾಕೋ ಸರಿಯಾಗಿ ಕೂರೋದೇ ಇಲ್ಲ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ, ದೀರ್ಘದ ಚಿಹ್ನೆ ದೂರ ಹೋಗಿ ನಿಲ್ಲುತ್ತೆ. ಆಗ ಬರುವ ತೀರ್ಪು: "ಡಿಸೈನ್‌ಗೆ ಇಂಗ್ಲಿಷೇ ಚೆಂದ ಬಿಡ್ರೋ."

ಈ ತೀರ್ಪು ಸರಿನಾ ಅಂತ ನೋಡೋಕೆ ಆ ಶೈಲಿಗಳು ಎಲ್ಲಿಂದ ಬಂದವು ಅಂತ ತಿಳಿಯಬೇಕು. ನಾವು ಎಂಜಿನಿಯರಿಂಗ್ ಓದೋರು. ಒಂದು ಸೇತುವೆ ಯಾಕೆ ಕಮಾನಾಗಿದೆ ಅಂತ ಕೇಳಿದ್ರೆ "ಚೆಂದ ಕಾಣಲಿ ಅಂತ" ಅನ್ನಲ್ಲ. ಭಾರ ಎಷ್ಟು, ಸಾಮಗ್ರಿ ಯಾವುದು, ನೆಲ ಹೇಗಿದೆ ಅಂತ ನೋಡ್ತೀವಿ. ಪೋಸ್ಟರ್‌ಗೂ ಹಾಗೇ ಕೇಳಬಹುದು. ಈ ಪಾಠಕ್ಕೆ ನಾವು ಇಟ್ಟುಕೊಂಡ ನಾಲ್ಕು ಪ್ರಶ್ನೆಗಳು ಇವು:

1. ಇದನ್ನು ಯಾವ ಯಂತ್ರದಲ್ಲಿ ಮಾಡಿದ್ರು?
2. ಯಾರು ನೋಡಲಿ ಅಂತ ಮಾಡಿದ್ರು?
3. ಯಾವುದರ ವಿರುದ್ಧ ಮಾಡಿದ್ರು?
4. ಯಾವ ಲಿಪಿಗೆ ಮಾಡಿದ್ರು?

ನಾಲ್ಕನೆಯದನ್ನು ಡಿಸೈನ್ ಪುಸ್ತಕಗಳು ಸಾಮಾನ್ಯವಾಗಿ ಕೇಳಲ್ಲ. ನಮಗೆ ಅದೇ ಮುಖ್ಯ.

ಒಂದು: ಕಾರ್ಖಾನೆ ಮೇಲಿನ ಕೋಪ

1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆಯಿತು. ಉಗಿಯಂತ್ರದ ಕಾಲ. ಕುರ್ಚಿ, ಬಟ್ಟೆ, ಗೋಡೆ ಕಾಗದ ಎಲ್ಲವೂ ಕಾರ್ಖಾನೆಯಲ್ಲಿ ರಾಶಿ ರಾಶಿ ತಯಾರಾಗ್ತಿದ್ದವು. ಅಗ್ಗದ ವಸ್ತುವಿಗೂ ರಾಜಮಹಲಿನ ಹಾಗೆ ಅಲಂಕಾರ ಅಂಟಿಸೋ ರೂಢಿ ಇತ್ತು. ಇದನ್ನು ನೋಡಿ ಸಿಟ್ಟಾದವರಲ್ಲಿ ವಿಲಿಯಂ ಮಾರಿಸ್ ಮುಖ್ಯ. ಮಾಡುವವನ ಕೈಗೂ ಮನಸ್ಸಿಗೂ ಕೆಲಸದಲ್ಲಿ ಸಂತೋಷ ಇರಬೇಕು ಅನ್ನೋದು ಅವರ ವಾದ. ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿ ಬೆಳೆದದ್ದು ಇದೇ ವಾದದ ಮೇಲೆ. 1891ರಲ್ಲಿ ಮಾರಿಸ್ ಕೆಲ್ಮ್‌ಸ್ಕಾಟ್ ಪ್ರೆಸ್ ಶುರು ಮಾಡಿ, ಕೈಯಿಂದ ಮಾಡಿದ ಕಾಗದದ ಮೇಲೆ, ತಾವೇ ರೂಪಿಸಿದ ಅಕ್ಷರಗಳಲ್ಲಿ, ಕೈಮುದ್ರಣ ಯಂತ್ರದಲ್ಲಿ ಪುಸ್ತಕ ಅಚ್ಚು ಹಾಕಿಸಿದ್ರು.

ಆದರೆ ಇಲ್ಲೊಂದು ತೊಡಕಿತ್ತು. ಕೈಕೆಲಸಕ್ಕೆ ಸಮಯ ಜಾಸ್ತಿ, ಹಾಗಾಗಿ ಬೆಲೆಯೂ ಜಾಸ್ತಿ. ಮಾರಿಸ್ ಸಮಾಜವಾದಿ, ಕಾರ್ಮಿಕರ ಪರ ಮಾತಾಡಿದವರು. ಅವರ ಪುಸ್ತಕ ಕೊಂಡವರು ಮಾತ್ರ ದುಡ್ಡಿದ್ದವರು. ಒಳ್ಳೆ ವಿನ್ಯಾಸ ಎಲ್ಲರಿಗೂ ಸಿಗಬೇಕು ಅಂದ್ರೆ ಯಂತ್ರ ಬೇಕೇ ಬೇಕಾ? ಮುಂದಿನ ಶೈಲಿಗಳೆಲ್ಲ ಈ ಪ್ರಶ್ನೆಯನ್ನೇ ಎಳೆದಾಡುತ್ತವೆ.

ಎರಡು: ಕಲ್ಲಚ್ಚು ಕೊಟ್ಟ ಸ್ವಾತಂತ್ರ್ಯ

ಪ್ಯಾರಿಸ್‌ನಲ್ಲಿ ಉತ್ತರ ಬೇರೆ ದಿಕ್ಕಿನಿಂದ ಬಂತು. ಅಲ್ಲಿನ ಯಂತ್ರ ಲಿಥೋಗ್ರಫಿ, ಕನ್ನಡದಲ್ಲಿ ಕಲ್ಲಚ್ಚು. ಇದರ ತತ್ವ ತುಂಬಾ ಸುಲಭ: ಎಣ್ಣೆ ಮತ್ತು ನೀರು ಸೇರಲ್ಲ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೀತಾರೆ, ಕಲ್ಲನ್ನು ಒದ್ದೆ ಮಾಡ್ತಾರೆ, ಆಮೇಲೆ ಎಣ್ಣೆ ಮಸಿ ಹಚ್ಚುತ್ತಾರೆ. ಮಸಿ ಜಿಡ್ಡಿಗೆ ಮಾತ್ರ ಹಿಡಿಯುತ್ತೆ, ಒದ್ದೆ ಜಾಗದಲ್ಲಿ ಜಾರುತ್ತೆ. ಕಾಗದ ಒತ್ತಿದ್ರೆ ಮುಗೀತು. ಬಣ್ಣಕ್ಕೊಂದು ಕಲ್ಲು.

ಇದರಿಂದ ಆದ ಬದಲಾವಣೆ ಏನು? ಅಚ್ಚುಮೊಳೆ ಮುದ್ರಣದಲ್ಲಿ ಪ್ರತಿ ಅಕ್ಷರ ಒಂದು ಲೋಹದ ತುಂಡು. ಚೌಕದಲ್ಲಿ ಸಾಲಾಗಿ ನಿಲ್ಲಲೇಬೇಕು. ಕಲ್ಲಿನ ಮೇಲೆ ಆ ಕಟ್ಟುಪಾಡು ಇಲ್ಲ. ಅಕ್ಷರವೂ ಚಿತ್ರದ ಜೊತೆಗೇ ಕೈಯಿಂದ ಬರೆಯೋದು. ಬಳ್ಳಿ ಹಾಗೆ ಬಾಗಿಸಬಹುದು. ಜೂಲ್ ಶೆರೆ ಬಣ್ಣಬಣ್ಣದ ದೊಡ್ಡ ಪೋಸ್ಟರ್‌ಗಳಿಂದ ಪ್ಯಾರಿಸ್ ಗೋಡೆಗಳನ್ನು ತುಂಬಿದ್ರು. 1891ರಲ್ಲಿ ತುಲೂಸ್-ಲೋತ್ರೆಕ್ ಅವರ ಮೂಲಾ ರೂಜ್ ಪೋಸ್ಟರ್ ಬಂತು. 1894ರ ಕೊನೆಯಲ್ಲಿ ಅಲ್ಫೋನ್ಸ್ ಮುಖಾ ನಟಿ ಸಾರಾ ಬರ್ನಾರ್ಡ್ ಅವರ 'ಜಿಸ್ಮೋಂಡಾ' ನಾಟಕಕ್ಕೆ ಎತ್ತರದ, ತೆಳ್ಳಗಿನ ಪೋಸ್ಟರ್ ಮಾಡಿಕೊಟ್ರು. ಹೂವು, ಉದ್ದ ಕೂದಲು, ಬಳುಕುವ ಗೆರೆ: ನಾವು ಆರ್ಟ್ ನೂವೋ ಅಂತ ಗುರುತಿಸೋದು ಇದನ್ನೇ. ಈ ಬಳುಕು ಕಲಾವಿದರ ಕಲ್ಪನೆಯಿಂದ ಬಂತು, ಹೌದು. ಬೀದಿ ಬೀದಿಗೆ ಅದನ್ನು ತಲುಪಿಸಿದ್ದು ಮಾತ್ರ ಆ ಕಲ್ಲು.

ಇದೇ ಕಲ್ಲಚ್ಚು ಕನ್ನಡಕ್ಕೆ ಪ್ಯಾರಿಸ್‌ನ ಈ ಪೋಸ್ಟರ್‌ಗಳಿಗಿಂತ ಮೊದಲೇ ಬಂದಿತ್ತು ಅಂತ ಗೊತ್ತಾ? ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಾಗ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಸಂಪಾದಕರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. (ಜುಲೈ 1 ಪತ್ರಿಕಾ ದಿನ ಆಗಿರೋದು ಇದರಿಂದಲೇ.) ಕನ್ನಡಕ್ಕೆ ಅಚ್ಚುಮೊಳೆ ಮಾಡೋದು ಅಂದ್ರೆ ಸ್ವರ, ವ್ಯಂಜನ, ಗುಣಿತ, ಒತ್ತು ಎಲ್ಲ ಸೇರಿ ನೂರಾರು ತುಂಡುಗಳು ಬೇಕು, ಇಂಗ್ಲಿಷ್‌ಗೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು. ಕಲ್ಲಚ್ಚಿಗೆ ಅದರ ಚಿಂತೆಯೇ ಇಲ್ಲ, ಕೈಬರಹ ಹೇಗಿದೆಯೋ ಹಾಗೇ ಅಚ್ಚಾಗುತ್ತೆ. ಲಿಪಿಗೂ ಯಂತ್ರಕ್ಕೂ ಎಷ್ಟು ಹತ್ತಿರದ ನಂಟು ಅನ್ನೋದಕ್ಕೆ ಇದು ಒಳ್ಳೆ ಉದಾಹರಣೆ. ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಮೂರು: ಕೆಂಪು, ಕಪ್ಪು ಮತ್ತು ಕ್ರಾಂತಿ

1917ರಲ್ಲಿ ರಷ್ಯಾದಲ್ಲಿ ಕ್ರಾಂತಿ ಆಯ್ತು, ಹಿಂದೆಯೇ ಅಂತರ್ಯುದ್ಧ. ಕಾಗದ ಇಲ್ಲ, ಅಚ್ಚುಕೂಟಗಳು ಸರಿಯಾಗಿ ನಡೀತಿಲ್ಲ, ಜನರಲ್ಲಿ ತುಂಬಾ ಮಂದಿಗೆ ಓದೋಕೆ ಬರಲ್ಲ. ಆದರೂ ಸುದ್ದಿ ಮುಟ್ಟಬೇಕು. ಆಗ ಹುಟ್ಟಿದ್ದು 'ರೋಸ್ಟಾ ಕಿಟಕಿಗಳು'. ರೋಸ್ಟಾ ಅಂದ್ರೆ ಸರ್ಕಾರದ ತಂತಿ ಸುದ್ದಿ ಸಂಸ್ಥೆ. 1919ರಿಂದ 1921ರವರೆಗೆ ಕವಿ ಮಾಯಕೋವ್ಸ್ಕಿ ಮತ್ತು ಸಂಗಡಿಗರು ಸುದ್ದಿಯನ್ನು ಕಾಮಿಕ್ಸ್ ಥರ ಚಿತ್ರ ಮಾಡಿ, ಸ್ಟೆನ್ಸಿಲ್ ಕತ್ತರಿಸಿ, ಕೈಯಿಂದ ಬಣ್ಣ ಬಳಿದು ಅಂಗಡಿಗಳ ಕಿಟಕಿಯಲ್ಲಿ ತೂಗುಹಾಕ್ತಿದ್ರು. ಸ್ಟೆನ್ಸಿಲ್‌ನಲ್ಲಿ ಸೂಕ್ಷ್ಮ ಗೆರೆ ಬರಲ್ಲ. ಹಾಗಾಗಿ ಆಕಾರ ದಪ್ಪ, ಬಣ್ಣ ಕಡಿಮೆ.

ಎಲ್ ಲಿಸಿಟ್ಸ್ಕಿ 1919ರಲ್ಲಿ ಮಾಡಿದ ಪೋಸ್ಟರ್ ನೋಡಿ: ಬಿಳಿ ವೃತ್ತದೊಳಗೆ ನುಗ್ಗುತ್ತಿರುವ ಕೆಂಪು ತ್ರಿಕೋನ, ಅಷ್ಟೇ. ಕೆಂಪು ಅಂದ್ರೆ ಕ್ರಾಂತಿಪಡೆ, ಬಿಳಿ ಅಂದ್ರೆ ವಿರೋಧಿ ಸೇನೆ. ಅಕ್ಷರ ಬಾರದವರಿಗೂ ಯಾರು ಯಾರನ್ನು ಹೊಡೀತಿದ್ದಾರೆ ಅಂತ ತಿಳಿಯುತ್ತೆ. 1924ರಲ್ಲಿ ರಾಡ್ಚೆಂಕೊ ಪುಸ್ತಕ ಪ್ರಕಾಶನಕ್ಕೆ ಮಾಡಿದ ಪೋಸ್ಟರ್‌ನಲ್ಲಿ ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಕೂಗ್ತಾಳೆ. ಅವಳ ಬಾಯಿಂದ ಅಕ್ಷರಗಳು ಲೌಡ್‌ಸ್ಪೀಕರ್ ಆಕಾರದಲ್ಲಿ ಹೊರಗೆ ಹಾರುತ್ತವೆ. ಇವತ್ತಿಗೂ ಎಷ್ಟೋ ಆಲ್ಬಂ ಮುಖಪುಟಗಳಲ್ಲಿ ಇದರ ನಕಲು ಸಿಗುತ್ತೆ.

ಈ ಶೈಲಿಗೆ ಕನ್‌ಸ್ಟ್ರಕ್ಟಿವಿಸಂ ಅಂತ ಹೆಸರು. ಇದರ ಕೊನೆ ಸುಖವಾಗಿರಲಿಲ್ಲ. 1930ರ ದಶಕದಲ್ಲಿ ಅದೇ ಸರ್ಕಾರ ಸಮಾಜವಾದಿ ವಾಸ್ತವವಾದವನ್ನು ಅಧಿಕೃತ ಕಲೆ ಮಾಡಿ, ಪ್ರಯೋಗಗಳಿಗೆ ಬಾಗಿಲು ಹಾಕಿತು.

ನಾಲ್ಕು: ದೊಡ್ಡಕ್ಷರ ಯಾಕೆ ಬೇಕು?

1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಶಾಲೆ ತೆರೆದ್ರು. ಶುರುವಿನಲ್ಲಿ ಮಾರಿಸ್ ಹಾಗೆ ಕೈಕೆಲಸದ ಮೇಲೆಯೇ ಒತ್ತು. 1923ರ ಹೊತ್ತಿಗೆ ದಾರಿ ಬದಲಾಗಿ, ಕಲೆ ಮತ್ತು ತಂತ್ರಜ್ಞಾನ ಒಂದಾಗಬೇಕು ಅಂತ ಹೊರಟರು. 1925ರಲ್ಲಿ ಶಾಲೆ ಡೆಸೌಗೆ ಹೋಯ್ತು, 1932ರಲ್ಲಿ ಬರ್ಲಿನ್‌ಗೆ, 1933ರಲ್ಲಿ ನಾಜಿಗಳ ಒತ್ತಡದಲ್ಲಿ ಮುಚ್ಚಿತು. ಬರೀ 14 ವರ್ಷ! ನಮ್ಮ ದೇಶಕ್ಕೂ ಒಂದು ಎಳೆ ಇದೆ: 1922ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಪೌಲ್ ಕ್ಲೀ, ಕಾಂಡಿನ್ಸ್ಕಿ ಮೊದಲಾದ ಬೌಹೌಸ್ ಕಲಾವಿದರ ಚಿತ್ರಗಳ ಪ್ರದರ್ಶನ ನಡೆದಿತ್ತು.

ನಮಗೆ ಇಲ್ಲಿ ಬೇಕಾದ ಹೆಸರು ಹರ್ಬರ್ಟ್ ಬೇಯರ್. ಜರ್ಮನ್ ಭಾಷೆಯಲ್ಲಿ ಪ್ರತಿ ನಾಮಪದವೂ ದೊಡ್ಡಕ್ಷರದಿಂದ ಶುರುವಾಗಬೇಕು. ಬೇಯರ್ ಕೇಳಿದ್ದು ಒಬ್ಬ ಎಂಜಿನಿಯರ್ ಕೇಳೋ ಪ್ರಶ್ನೆ: ಒಂದೇ ಧ್ವನಿಗೆ ಎರಡು ಚಿಹ್ನೆ ಯಾಕೆ? ಮಾತಾಡುವಾಗ ದೊಡ್ಡಕ್ಷರ, ಸಣ್ಣಕ್ಷರ ಅಂತ ವ್ಯತ್ಯಾಸ ಇದೆಯಾ? 1925ರಲ್ಲಿ ಅವರು ವೃತ್ತ ಮತ್ತು ನೇರಗೆರೆಗಳಿಂದಲೇ ಕಟ್ಟಿದ, ಸಣ್ಣಕ್ಷರ ಮಾತ್ರ ಇರುವ 'ಯೂನಿವರ್ಸಲ್' ಲಿಪಿ ಮಾಡಿದ್ರು.

ಇದನ್ನು ಓದುವಾಗ ನಮಗೆ ನಗು ಬಂತು. ಕನ್ನಡದಲ್ಲಿ ದೊಡ್ಡಕ್ಷರ ಯಾವತ್ತೂ ಇರಲೇ ಇಲ್ಲ! ಬೇಯರ್ ಹೋರಾಡಿ ಪಡೆಯೋಕೆ ನೋಡಿದ್ದು ನಮ್ಮ ಹತ್ತಿರ ಹುಟ್ಟಿನಿಂದಲೇ ಇದೆ. 'ಯೂನಿವರ್ಸಲ್' ಅಂತ ಹೆಸರಿಟ್ಟರೂ ಅದು ಲ್ಯಾಟಿನ್ ಲಿಪಿಯ ಸಮಸ್ಯೆಗೆ ಉತ್ತರ. ಲೋಕಕ್ಕೆಲ್ಲ ಅಲ್ಲ.

ಐದು: ಸರ್ಕ್ಯೂಟ್‌ನಂಥ ನಕ್ಷೆ

ಇಲೆಕ್ಟ್ರಿಕಲ್, ಇಸಿ ಬ್ರಾಂಚಿನವರು ಇದನ್ನು ಓದಲೇಬೇಕು. ಲಂಡನ್ ಭೂಗತ ರೈಲಿನ ನಕ್ಷೆ ಮೊದಲು ಭೂಗೋಳದ ಪ್ರಕಾರ ಇತ್ತು: ಊರ ಮಧ್ಯದ ನಿಲ್ದಾಣಗಳು ಒಂದರ ಮೇಲೊಂದು, ಹೊರವಲಯದವು ಎಲ್ಲೋ ದೂರ. ಸಿಗ್ನಲ್ ವಿಭಾಗದಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಹ್ಯಾರಿ ಬೆಕ್ 1931ರಲ್ಲಿ ಅದನ್ನು ಬೇರೆ ಥರ ಬರೆದ್ರು. ನೆಲದಡಿ ಇರುವ ಪ್ರಯಾಣಿಕನಿಗೆ ಮೇಲೆ ಯಾವ ರಸ್ತೆ ಇದೆ ಅನ್ನೋದು ಬೇಡ. ಯಾವ ನಿಲ್ದಾಣ ಆದ ಮೇಲೆ ಯಾವುದು, ಎಲ್ಲಿ ಬದಲಾಯಿಸಬೇಕು, ಅಷ್ಟು ಸಾಕು. ಅಡ್ಡ, ಉದ್ದ, 45 ಡಿಗ್ರಿ ಗೆರೆಗಳು ಮಾತ್ರ. ಅಂತರ ನಿಜವಲ್ಲ, ಜೋಡಣೆ ಮಾತ್ರ ನಿಜ. ಸರ್ಕ್ಯೂಟ್ ಚಿತ್ರದಲ್ಲಿ ರೆಸಿಸ್ಟರ್ ಎಲ್ಲಿದೆ ಅನ್ನೋದಕ್ಕಿಂತ ಯಾವುದಕ್ಕೆ ಜೋಡಿಸಿದೆ ಅನ್ನೋದು ಮುಖ್ಯ ಅಲ್ವಾ, ಹಾಗೇ.

ಮೊದಲಿಗೆ ಅಧಿಕಾರಿಗಳು ಇದು ಅತಿಯಾಯ್ತು ಅಂತ ತಿರಸ್ಕರಿಸಿದ್ರು. 1933ರಲ್ಲಿ ಪ್ರಾಯೋಗಿಕವಾಗಿ ಅಚ್ಚು ಹಾಕಿದಾಗ ಜನ ಕೂಡಲೇ ಒಪ್ಪಿಕೊಂಡರು. ಇವತ್ತು ನಮ್ಮ ಮೆಟ್ರೋ ನಕ್ಷೆಗಳ ತನಕ ಇದೇ ದಾರಿ. ಕಲಾವಿದರಲ್ಲದವರು, ಕೆಲಸದಲ್ಲಿ ಕಲಿತ ತರ್ಕವನ್ನು ಬೇರೆ ಕಡೆ ಹಾಕಿ ಮಾಡಿದ ಡಿಸೈನ್ ಇದು. "ನಮಗೆ ಡ್ರಾಯಿಂಗ್ ಬರಲ್ಲ" ಅನ್ನೋರು ಗಮನಿಸಿ.

ಆರು: ಸ್ವಿಸ್ ಗ್ರಿಡ್, ಮತ್ತೆ ಅದನ್ನು ಹರಿದವರು

ಎರಡನೇ ಮಹಾಯುದ್ಧದ ನಂತರ ಸ್ವಿಟ್ಜರ್‌ಲೆಂಡಿನಲ್ಲಿ ಒಂದು ಶಾಂತ, ಅಚ್ಚುಕಟ್ಟಾದ ಶೈಲಿ ಬೆಳೆಯಿತು. ಜ್ಯೂರಿಕ್‌ನಲ್ಲಿ ಜೋಸೆಫ್ ಮ್ಯುಲ್ಲರ್-ಬ್ರಾಕ್‌ಮನ್, ಬಾಸೆಲ್‌ನಲ್ಲಿ ಆರ್ಮಿನ್ ಹಾಫ್‌ಮನ್ ಮತ್ತು ಎಮಿಲ್ ರೂಡರ್. ಪುಟವನ್ನು ಗ್ರಿಡ್ ಆಗಿ ಭಾಗ ಮಾಡು, ಎಡಕ್ಕೆ ಸಾಲು ಜೋಡಿಸು, ಖಾಲಿ ಜಾಗ ಬಿಡು, ಅಲಂಕಾರ ಬೇಡ. ಮ್ಯುಲ್ಲರ್-ಬ್ರಾಕ್‌ಮನ್ ಅವರ 1955ರ ಬೀಥೋವನ್ ಪೋಸ್ಟರ್‌ನಲ್ಲಿ ಸಂಗೀತಗಾರನ ಚಿತ್ರವೇ ಇಲ್ಲ. ಒಂದೇ ಕೇಂದ್ರದ ಸುತ್ತ ಕಪ್ಪು ಕಮಾನುಗಳು, ಹೊರಗೆ ಹೋದಂತೆ ದಪ್ಪವಾಗುತ್ತಾ, ಧ್ವನಿ ಏರಿದ ಹಾಗೆ. 1957ರಲ್ಲಿ ಬಾಸೆಲ್ ಹತ್ತಿರದ ಹಾಸ್ ಅಚ್ಚುಮೊಳೆ ಕಾರ್ಖಾನೆಗಾಗಿ ಎಡ್ವರ್ಡ್ ಹಾಫ್‌ಮನ್ ಮತ್ತು ಮ್ಯಾಕ್ಸ್ ಮೀಡಿಂಗರ್ ಹೊಸ ಅಕ್ಷರ ಶೈಲಿ ತಂದರು. 1960ರಲ್ಲಿ ಅದಕ್ಕೆ 'ಹೆಲ್ವೆಟಿಕಾ' ಅಂತ ಹೆಸರಾಯ್ತು.

ಗ್ರಿಡ್ ಅಷ್ಟು ಯಾಕೆ ಬೇಕಾಯ್ತು? ಒಂದು ಕಾರಣ ಭಾಷೆ. ಸ್ವಿಟ್ಜರ್‌ಲೆಂಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಎಲ್ಲವೂ ಇವೆ. ಒಂದೇ ವಿಷಯವನ್ನು ಎರಡು ಮೂರು ಭಾಷೆಯಲ್ಲಿ, ಯಾವುದೂ ಚಿಕ್ಕದಾಗದಂತೆ ಒಂದೇ ಪುಟದಲ್ಲಿ ಕೂರಿಸಬೇಕು. 1958ರಲ್ಲಿ ಶುರುವಾದ ಇವರ 'ನೋಯೆ ಗ್ರಾಫಿಕ್' ಪತ್ರಿಕೆಯೇ ಜರ್ಮನ್, ಇಂಗ್ಲಿಷ್, ಫ್ರೆಂಚ್ ಮೂರರಲ್ಲೂ ಬರ್ತಿತ್ತು. ಪಕ್ಕಪಕ್ಕದ ಕಾಲಂಗಳಲ್ಲಿ ಮೂರಕ್ಕೂ ಸಮಾನ ಜಾಗ.

ಇಷ್ಟು ಶಿಸ್ತು ಇದ್ದ ಮೇಲೆ ಜಗಳವೂ ಬರಬೇಕಲ್ವಾ? ಬಾಸೆಲ್‌ನಲ್ಲೇ 1968ರಿಂದ ಪಾಠ ಮಾಡಿದ ವೋಲ್ಫ್‌ಗಾಂಗ್ ವೈನ್‌ಗಾರ್ಟ್ ಗ್ರಿಡ್ ಒಡೆಯೋಕೆ ಶುರು ಮಾಡಿದ್ರು. 1977ರಲ್ಲಿ ಇಂಗ್ಲೆಂಡಿನ ಜೇಮೀ ರೀಡ್, ಸೆಕ್ಸ್ ಪಿಸ್ಟಲ್ಸ್ ತಂಡಕ್ಕಾಗಿ ಪತ್ರಿಕೆಯಿಂದ ಕತ್ತರಿಸಿದ ಅಕ್ಷರಗಳನ್ನು ಬೆದರಿಕೆ ಪತ್ರದ ಥರ ಅಂಟಿಸಿದ್ರು. ಕೆಲಸವಿಲ್ಲದ ಹುಡುಗರ ಸಿಟ್ಟಿಗೆ ಕತ್ತರಿ, ಗೋಂದು ಸಾಕಿತ್ತು. 1994ರಲ್ಲಿ ಅಮೆರಿಕದ ಡೇವಿಡ್ ಕಾರ್ಸನ್ ತಮಗೆ ಬೋರ್ ಅನಿಸಿದ ಒಂದು ಸಂದರ್ಶನವನ್ನು 'ರೇ ಗನ್' ಪತ್ರಿಕೆಯಲ್ಲಿ ಪೂರ್ತಿ ಚಿಹ್ನೆಗಳ ಫಾಂಟ್‌ನಲ್ಲಿ ಹಾಕಿಬಿಟ್ರು, ಒಂದಕ್ಷರವೂ ಓದೋಕಾಗದ ಹಾಗೆ!

ಈಗ ನಾಲ್ಕನೇ ಪ್ರಶ್ನೆ

ಸ್ವಿಸ್ ಗ್ರಿಡ್ ಮೂರು ಭಾಷೆಗಳನ್ನು ಚೆನ್ನಾಗಿ ನಿಭಾಯಿಸಿತು. ಆದರೆ ಮೂರು ಭಾಷೆಗೂ ಲಿಪಿ ಒಂದೇ, ಲ್ಯಾಟಿನ್. ನಮ್ಮ ಫೆಸ್ಟ್ ಪೋಸ್ಟರ್‌ನಲ್ಲಿ ಎರಡು ಭಾಷೆ, ಎರಡು ಲಿಪಿ. ಟೆಂಪ್ಲೇಟ್ ಎಡವೋದು ಇಲ್ಲೇ.

'ರಾಜ್ಯೋತ್ಸವ' ಅನ್ನೋ ಪದವನ್ನೇ ತಗೊಳ್ಳಿ. ಕಣ್ಣಿಗೆ ನಾಲ್ಕು ಅಕ್ಷರ: ರಾ, ಜ್ಯೋ, ತ್ಸ, ವ. ಯೂನಿಕೋಡ್ ಲೆಕ್ಕದಲ್ಲಿ ಹತ್ತು ಸಂಕೇತ. ಎರಡು ಒತ್ತು ಕೆಳಗೆ ಇಳಿಯುತ್ತವೆ, 'ಜ್ಯೋ'ದ ಸ್ವರಚಿಹ್ನೆ ಮೇಲಿಂದ ಹೊರಟು ಬಲಗಡೆಗೆ ಚಾಚುತ್ತೆ. ಇಂಗ್ಲಿಷ್ ದೊಡ್ಡಕ್ಷರಗಳ ಪದ ಒಂದು ಪಟ್ಟಿಯ ಹಾಗೆ, ಮೇಲೆ ಕೆಳಗೆ ಸಮ. ಕನ್ನಡ ಪದಕ್ಕೆ ಮೇಲೂ ಜಾಗ ಬೇಕು, ಕೆಳಗೆ ಇನ್ನೂ ಜಾಸ್ತಿ ಬೇಕು. ಇದನ್ನಿಟ್ಟುಕೊಂಡು ಟೆಂಪ್ಲೇಟ್ ಒಳಗೆ ಏನಾಗುತ್ತೆ ನೋಡಿ.

ಸಾಲುಗಳ ಅಂತರ: ಇಂಗ್ಲಿಷ್ ಶೀರ್ಷಿಕೆಗೆ ಒತ್ತೊತ್ತಾಗಿ ಇಟ್ಟ ಸಾಲುಗಳಲ್ಲಿ ಕನ್ನಡ ಹಾಕಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತೆ.

ಅಕ್ಷರಗಳ ಅಂತರ: ದೂರದೂರ ಹರಡಿದ ಇಂಗ್ಲಿಷ್ ಅಕ್ಷರ ಗಂಭೀರವಾಗಿ ಕಾಣುತ್ತೆ. ಕೆಲವು ಸಾಫ್ಟ್‌ವೇರ್‌ನಲ್ಲಿ ಅದನ್ನೇ ಕನ್ನಡಕ್ಕೆ ಮಾಡಿದ್ರೆ ದೀರ್ಘದ ಕೊಂಬು ತನ್ನ ಅಕ್ಷರವನ್ನು ಬಿಟ್ಟು ಒಂಟಿಯಾಗುತ್ತೆ.

ದೊಡ್ಡಕ್ಷರ: ಟೆಂಪ್ಲೇಟ್ ಕೂಗಬೇಕಾದ ಕಡೆ ದೊಡ್ಡಕ್ಷರ ಬಳಸುತ್ತೆ. ನಮ್ಮಲ್ಲಿ ಆ ಉಪಾಯ ಇಲ್ಲ. ಕನ್ನಡ ಗಾತ್ರದಿಂದ, ದಪ್ಪದಿಂದ, ಇಲ್ಲಾ ಕೈಬರಹದಿಂದ ಕೂಗಬೇಕು. ಹಳೆಯ ಸಿನಿಮಾ ಪೋಸ್ಟರ್‌ಗಳ ಶೀರ್ಷಿಕೆ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆ ಅಕ್ಷರಗಳು ಒಂದೊಂದು ಚಿತ್ರಕ್ಕೆ ಒಂದೊಂದು ಥರ.

ಅಂದ್ರೆ ತೊಂದರೆ ಕನ್ನಡದ್ದಲ್ಲ. ಬೇರೆ ಲಿಪಿಯ ಅಳತೆಗೆ ಹೊಲಿದ ಅಂಗಿಯನ್ನು ಹಾಕಿಸಿ, "ಇವನ ತೋಳೇ ಸರಿ ಇಲ್ಲ" ಅಂದ ಹಾಗಾಯ್ತು. ಇದು ಬರೀ ಚೆಂದದ ಪ್ರಶ್ನೆಯೂ ಅಲ್ಲ. ಪ್ರತಿ ಪೋಸ್ಟರ್‌ನಲ್ಲೂ ಕನ್ನಡ ಕೆಳಗಿನ ಮೂಲೆಯಲ್ಲಿ, ಚಿಕ್ಕದಾಗಿ, ಮುರಿದು ಕಂಡ್ರೆ ನೋಡುವವರ ಮನಸ್ಸಲ್ಲಿ ಅದೇ ಅದರ ಜಾಗ ಅಂತ ಕೂತುಬಿಡುತ್ತೆ. ಈ ಕ್ಯಾಂಪಸ್‌ಗೆ ಹೊರಗಿನಿಂದ ಬಂದವರು ಕನ್ನಡ ಅಕ್ಷರವನ್ನು ಮೊದಲು ನೋಡೋದು ನಮ್ಮ ನೋಟಿಸ್ ಬೋರ್ಡಿನಲ್ಲೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೂ ಅಷ್ಟೇ, ದಿನಾ ಕಣ್ಣಿಗೆ ಬೀಳೋ ಕನ್ನಡ ಅಂದ್ರೆ ಇಂಥ ಸಾಲುಗಳೇ.

ಮಾಡಿ ನೋಡಿ

ನವೆಂಬರ್ 1ರ ಪೋಸ್ಟರ್‌ಗೆ ನಾವು ಮೂರು ಪ್ರಯೋಗ ಮಾಡೋಣ ಅಂತಿದ್ದೀವಿ. ನೀವೂ ಮಾಡಿ.

1. ಕನ್ನಡದಿಂದ ಶುರು ಮಾಡಿ. ಮೊದಲು 'ರಾಜ್ಯೋತ್ಸವ' ಅನ್ನೋ ಪದವನ್ನು ದೊಡ್ಡದಾಗಿ ಇಡಿ. ಒತ್ತಿನ ಕೆಳತುದಿಯಿಂದ ಸ್ವರಚಿಹ್ನೆಯ ಮೇಲ್ತುದಿವರೆಗೆ ಅಳೆಯಿರಿ. ಅದನ್ನೇ ಗ್ರಿಡ್‌ನ ಒಂದು ಮನೆಯ ಎತ್ತರ ಮಾಡಿಕೊಳ್ಳಿ. ಇಂಗ್ಲಿಷ್ ಆಮೇಲೆ ಬಂದು ಆ ಮನೆಯಲ್ಲಿ ಕೂರಲಿ, ಅದಕ್ಕೆ ಜಾಗ ಸಾಕಾಗುತ್ತೆ.

2. ಒಂದು ಸಲ ಕಂಪ್ಯೂಟರ್ ಬಿಟ್ಟು ಕೈಯಿಂದ ಬರೆಯಿರಿ. ಸ್ಕೆಚ್ ಪೆನ್ನಿನಲ್ಲಿ ಬರೆದು ಫೋಟೋ ತೆಗೆದು ಹಾಕಿ. 1843ರ ಕಲ್ಲಚ್ಚು ಮಾಡಿದ್ದೂ ಇದನ್ನೇ. ಅಥವಾ ಹಳೇ ದಿನಪತ್ರಿಕೆಯಿಂದ ಅಕ್ಷರ ಕತ್ತರಿಸಿ ಅಂಟಿಸಿ. ಒತ್ತು, ಗುಣಿತ ಸೇರಿಸಿ ಇಡೀ ಅಕ್ಷರವನ್ನೇ ಕತ್ತರಿಸಬೇಕು, ಮರೀಬೇಡಿ.

3. ಫಾಂಟ್ ಆರಿಸುವಾಗ ಕಷ್ಟದ ಪದದಿಂದ ಪರೀಕ್ಷೆ ಮಾಡಿ. 'ಸ್ವಾತಂತ್ರ್ಯ', 'ವಿದ್ಯಾರ್ಥಿ', 'ರಾಷ್ಟ್ರೀಯ' ಟೈಪ್ ಮಾಡಿ. ಒತ್ತು ಬಿಡಿಬಿಡಿಯಾಗಿ ಬಂದ್ರೆ ಫಾಂಟ್ ಅಥವಾ ಸಾಫ್ಟ್‌ವೇರ್ ಬದಲಿಸಿ, ಪದವನ್ನು ಬದಲಿಸಬೇಡಿ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಇವೆರಡೂ ಉಚಿತವಾಗಿ ಸಿಗುತ್ತವೆ. ಮೊದಲನೆಯದು ಮಾಹಿತಿ ಸಾಲುಗಳಿಗೆ, ಎರಡನೆಯದು ದೊಡ್ಡ ಶೀರ್ಷಿಕೆಗೆ ಚೆನ್ನಾಗಿ ಒಗ್ಗುತ್ತೆ.

ಇಷ್ಟರ ಮೇಲೆ ಬೌಹೌಸ್ ಬೇಕಾ, ಪಂಕ್ ಬೇಕಾ ಅನ್ನೋದು ನಿಮ್ಮ ಇಷ್ಟ. ಟೆಂಪ್ಲೇಟ್ ಒತ್ತುವ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಂಡ್ರೆ ಸಾಕು. ಮಾಡಿದ ಪೋಸ್ಟರ್‌ಗಳನ್ನು ಅಕ್ಟೋಬರ್ ಕೊನೆ ವಾರದೊಳಗೆ ಸಂಘದ ಗುಂಪಿಗೆ ಕಳಿಸಿ. ಎಲ್ಲವನ್ನೂ ಅಚ್ಚು ಹಾಕಿಸಿ ಲೈಬ್ರರಿ ಮುಂದಿನ ಗೋಡೆಗೆ ಅಂಟಿಸ್ತೀವಿ. ಒತ್ತಕ್ಷರ ಕೆಳಗಿನ ಸಾಲಿಗೆ ಬಡಿದಿದ್ರೆ ಮಾತ್ರ ವಾಪಸ್ ಕಳಿಸ್ತೀವಿ!